ನಗದು ನಿರ್ವಹಣೆ (ಗ್ರಾಹಕ ಸೇವೆ)

ನಗದು ನಿರ್ವಹಣೆ ಎಂದರೆ ಅಂಗಡಿ, ಹೋಟೆಲು, ಬಸ್ಸು, ಸಹಕಾರಿ ಸಂಘ, ಪೆಟ್ರೋಲ್ ಬಂಕ್ ಮೊದಲಾದ ಕಡೆಗಳಲ್ಲಿ ಗ್ರಾಹಕರಿಂದ ಹಣ ಪಡೆಯುವುದು, ಚಿಲ್ಲರೆ ಹಿಂದಿರುಗಿಸುವುದು, ನೋಟುಗಳನ್ನು ಪರೀಕ್ಷಿಸುವುದು ಹಾಗೂ ದಿನದ ಕೊನೆಗೆ ಲೆಕ್ಕ ಒಪ್ಪಿಸುವುದು ಸೇರಿದ ಕೌಶಲ. ಇದಕ್ಕೆ ಬೇಕಾದ ಗಣಿತ ಪ್ರಾಥಮಿಕ ಶಾಲೆಯ ಕೂಡುವ–ಕಳೆಯುವ ಲೆಕ್ಕಕ್ಕಿಂತ ಹೆಚ್ಚಿನದಲ್ಲ. ಆದರೂ ಹೊಸದಾಗಿ ಕೆಲಸಕ್ಕೆ ಸೇರಿದವರ ಗಲ್ಲಾದಲ್ಲಿ ಹಣ ಕಡಿಮೆ ಬೀಳುವುದು ಸಾಮಾನ್ಯ. ಲೆಕ್ಕ ಬಾರದಿರುವುದಕ್ಕಿಂತ ಕ್ರಮ ತಪ್ಪುವುದೇ ಇದಕ್ಕೆ ಹೆಚ್ಚಾಗಿ ಕಾರಣ. ಪ್ರತಿ ವ್ಯವಹಾರವನ್ನೂ ಒಂದೇ ಕ್ರಮದಲ್ಲಿ ನಡೆಸಿದರೆ ಗ್ರಾಹಕರ ಹಣವೂ ಕೆಲಸಗಾರರ ಮರ್ಯಾದೆಯೂ ಉಳಿಯುತ್ತವೆ.

ಹಿನ್ನೆಲೆ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯು ಬ್ಯಾಂಕಿಂಗ್ ಕ್ಷೇತ್ರಕ್ಕೆ ಹೆಸರಾದ ಪ್ರದೇಶ. ಕೆನರಾ ಬ್ಯಾಂಕ್ (1906), ಕಾರ್ಪೊರೇಷನ್ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ಸಿಂಡಿಕೇಟ್ ಬ್ಯಾಂಕ್ (1925) ಮತ್ತು ವಿಜಯಾ ಬ್ಯಾಂಕ್ (1931) ಇಲ್ಲಿಯೇ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಸಂಗ್ರಾಹಕರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಹಣ ಪಡೆದ ಕ್ಷಣದಲ್ಲಿಯೇ ಅದನ್ನು ಬರೆದಿಡುವ ಶಿಸ್ತು ಇಂತಹ ಯೋಜನೆಗೆ ಆಧಾರ. ಇದೇ ಬಗೆಯ ದೈನಂದಿನ ಸಂಗ್ರಹ ಕರಾವಳಿಯ ಸಹಕಾರಿ ಸಂಘಗಳಲ್ಲಿ ಇಂದಿಗೂ ರೂಢಿಯಲ್ಲಿದೆ.

ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆ, ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಸಾಗುವ ರಸ್ತೆಯಲ್ಲಿ ಸಿಗುವ ಪೇಟೆ. ಇಂತಹ ಪೇಟೆಗಳ ಅಂಗಡಿಗಳಿಗೆ ಊರಿನ ಕೃಷಿಕರೂ ಕೂಲಿಕಾರರೂ ಘಾಟಿಯ ಪ್ರಯಾಣಿಕರೂ ಬರುತ್ತಾರೆ. ತಾಲೂಕಿನಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳಂ ಮಾತನಾಡುವವರಿದ್ದಾರೆ. ಒಬ್ಬರು 'ಇಪ್ಪತ್ತು' ಎಂದರೆ ಮತ್ತೊಬ್ಬರು 'ಇರ್ವ' ಎನ್ನುತ್ತಾರೆ. ಆದ್ದರಿಂದ ಮೊತ್ತವನ್ನು ಗ್ರಾಹಕರಿಗೆ ತಿಳಿಯುವ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳುವುದು ಇಲ್ಲಿ ನಗದು ನಿರ್ವಹಣೆಯ ಭಾಗವೇ ಆಗಿದೆ.

ಗಲ್ಲಾ ತೆರೆಯುವುದು

ಕೆಲಸದ ಅವಧಿ ಆರಂಭವಾಗುವಾಗ ಪೆಟ್ಟಿಗೆಯಲ್ಲಿರುವ ಹಣವನ್ನು ಆರಂಭಿಕ ಶಿಲ್ಕು ಎನ್ನುತ್ತಾರೆ. ಅದನ್ನು ಒಪ್ಪಿಸುವವರ ಎದುರಿನಲ್ಲಿಯೇ ಎಣಿಸಿ, ನೋಟು ಮತ್ತು ನಾಣ್ಯಗಳ ಮುಖಬೆಲೆವಾರು ಬರೆದು, ಇಬ್ಬರೂ ಸಹಿ ಮಾಡುವುದು ಸರಿಯಾದ ಪದ್ಧತಿ. ಎಣಿಸದೆ ಒಪ್ಪಿಕೊಂಡರೆ ಹಿಂದಿನವರ ಕೊರತೆಯೂ ಹೊಸಬರ ತಲೆಗೆ ಬರುತ್ತದೆ. ಸ್ವಂತ ಹಣವನ್ನು ಗಲ್ಲಾದ ಹಣದೊಡನೆ ಬೆರೆಸಬಾರದು. ಸಾರಿಗೆ ನಿಗಮಗಳ ನಿರ್ವಾಹಕರು ತಮ್ಮಲ್ಲಿರುವ ಸ್ವಂತ ಹಣವನ್ನು ಕರ್ತವ್ಯದ ಆರಂಭದಲ್ಲಿಯೇ ದಾಖಲಿಸುವುದು ಈ ಕಾರಣದಿಂದ.

ಹಣ ಪಡೆಯುವ ಕ್ರಮ

1. ಬಿಲ್ಲಿನ ಮೊತ್ತವನ್ನು ಗಟ್ಟಿಯಾಗಿ ಹೇಳುವುದು.
2. ಗ್ರಾಹಕರು ಕೊಟ್ಟ ನೋಟಿನ ಬೆಲೆಯನ್ನೂ ಹೇಳುವುದು. ಉದಾಹರಣೆಗೆ, "ಐನೂರು ಕೊಟ್ಟಿದ್ದೀರಿ".
3. ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಆ ನೋಟನ್ನು ಪೆಟ್ಟಿಗೆಯೊಳಗೆ ಹಾಕದೆ ಎದುರಿಗೇ ಇಡುವುದು.
4. ಚಿಲ್ಲರೆಯನ್ನು ಎರಡು ಬಾರಿ ಎಣಿಸುವುದು: ಪೆಟ್ಟಿಗೆಯಿಂದ ತೆಗೆಯುವಾಗ ಒಮ್ಮೆ, ಗ್ರಾಹಕರ ಕೈಗೆ ಕೊಡುವಾಗ ಮತ್ತೊಮ್ಮೆ.
5. ಗ್ರಾಹಕರು ಚಿಲ್ಲರೆ ಒಪ್ಪಿಕೊಂಡ ಬಳಿಕ ನೋಟನ್ನು ಅದರ ಖಾನೆಗೆ ಸೇರಿಸುವುದು.

"ನಾನು ಕೊಟ್ಟದ್ದು ನೂರಲ್ಲ, ಐನೂರು" ಎಂಬ ತಕರಾರು ಮೂರನೆಯ ಹಂತವನ್ನು ಬಿಟ್ಟಾಗಲೇ ಹೆಚ್ಚಾಗಿ ಏಳುತ್ತದೆ. ನೋಟು ಪೆಟ್ಟಿಗೆಯೊಳಗಿನ ಇತರ ನೋಟುಗಳೊಡನೆ ಬೆರೆತ ಮೇಲೆ ಯಾರ ಮಾತು ಸರಿಯೆಂದು ತೋರಿಸುವ ಸಾಕ್ಷ್ಯ ಉಳಿಯುವುದಿಲ್ಲ. ವ್ಯವಹಾರದ ನಡುವೆ ಗ್ರಾಹಕರು ನೋಟು ಬದಲಿಸಲು ಕೇಳಿದರೆ, ಮೊದಲಿನ ಲೆಕ್ಕವನ್ನು ಮುಗಿಸಿ ಅಥವಾ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿ, ಮತ್ತೆ ಮೊದಲಿನಿಂದ ತೊಡಗುವುದು ಕ್ಷೇಮ.

ಚಿಲ್ಲರೆಯ ಲೆಕ್ಕ

ಮನಸ್ಸಿನಲ್ಲಿ ಕಳೆಯುವುದಕ್ಕಿಂತ ಬಿಲ್ಲಿನ ಮೊತ್ತದಿಂದ ಮೇಲಕ್ಕೆ ಕೂಡಿಕೊಂಡು ಹೋಗುವುದು ಸುಲಭ. 137 ರೂ. ಬಿಲ್ಲಿಗೆ 500 ರೂ. ಬಂದರೆ, 3 ರೂ. ಸೇರಿಸಿ 140, 10 ಸೇರಿಸಿ 150, 50 ಸೇರಿಸಿ 200, ಬಳಿಕ ಮೂರು ನೂರರ ನೋಟುಗಳಿಂದ 500. ಹಿಂದಿರುಗಿಸಿದ ಮೊತ್ತ 363 ರೂ. ಗ್ರಾಹಕರು ಇದೇ ಬಿಲ್ಲಿಗೆ 507 ರೂ. ಕೊಟ್ಟರೆ 370 ರೂ. ಹಿಂದಿರುಗಿಸಬೇಕು, ಬಿಡಿ ನಾಣ್ಯಗಳು ಉಳಿಯುತ್ತವೆ.

ಚಿಲ್ಲರೆ ಇಲ್ಲದಾಗ ಬಾಕಿಯನ್ನು ಬರೆದು ಕೊಡಬೇಕು. ಬಸ್ ನಿರ್ವಾಹಕರು ಟಿಕೆಟಿನ ಹಿಂಬದಿಯಲ್ಲಿ ಬಾಕಿ ಮೊತ್ತ ಬರೆಯುವ ರೂಢಿ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಬೇರೆ ವಿನ್ಯಾಸದ 10 ರೂ. ನಾಣ್ಯಗಳೆಲ್ಲವೂ ಚಲಾವಣೆಗೆ ಅರ್ಹವೆಂದು ಭಾರತೀಯ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ 1 ರೂ. ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ನಾಣ್ಯಗಳು ಒಟ್ಟು 1,000 ರೂ. ವರೆಗಿನ ಪಾವತಿಗೆ ಕಾನೂನುಬದ್ಧ.

ನೋಟುಗಳ ಪರೀಕ್ಷೆ

ಮಹಾತ್ಮ ಗಾಂಧಿ ಹೊಸ ಸರಣಿಯ ನೋಟುಗಳು ಬಣ್ಣದಲ್ಲಿಯೂ ಅಳತೆಯಲ್ಲಿಯೂ ಬೇರೆ ಬೇರೆ. 500 ರೂ. ನೋಟು ಬೂದು ಬಣ್ಣದ್ದು, 66 × 150 ಮಿಲಿಮೀಟರ್. 200ರದು ಹಳದಿ, 66 × 146. 100ರದು ತಿಳಿ ನೇರಳೆ, 66 × 142. ಹಂಪಿಯ ಕಲ್ಲಿನ ರಥವಿರುವ 50ರದು ನೀಲಿ, 66 × 135. ಪರೀಕ್ಷೆಗೆ ನೋಡುವುದು, ಮುಟ್ಟುವುದು, ಓರೆ ಮಾಡುವುದು ಎಂಬ ಮೂರು ಕ್ರಿಯೆಗಳು ಸಾಕು. ಬೆಳಕಿಗೆ ಹಿಡಿದರೆ ಗಾಂಧೀಜಿಯ ನೀರುಗುರುತು ಕಾಣಬೇಕು. 100, 200 ಮತ್ತು 500ರ ನೋಟುಗಳ ಅಂಚಿನ ಉಬ್ಬುಗೆರೆಗಳು ಬೆರಳಿಗೆ ತಾಗಬೇಕು. 500ರ ನೋಟಿನಲ್ಲಿ ಇವು ಪ್ರತಿ ಅಂಚಿನಲ್ಲಿ ಐದು. ಓರೆ ಮಾಡಿದಾಗ ಈ ಮೂರೂ ನೋಟುಗಳ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಒಂದೇ ಗುರುತನ್ನು ನೋಡಿ ತೀರ್ಮಾನಿಸಬಾರದು.

ಖೋಟಾ ನೋಟು ಬ್ಯಾಂಕಿನ ಕೈಗೆ ಬಂದರೆ ಅದನ್ನು ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡಲಾಗುತ್ತದೆ, ಬದಲಿ ಹಣ ಸಿಗುವುದಿಲ್ಲ. ನಷ್ಟ ತಪ್ಪಿಸಿಕೊಳ್ಳಲು ಅದನ್ನು ತಿಳಿದೂ ಮತ್ತೊಬ್ಬರಿಗೆ ದಾಟಿಸುವುದು ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನಡಿ ಅಪರಾಧ.

ದಿನದ ಲೆಕ್ಕ ಒಪ್ಪಿಸುವುದು

ಆರಂಭಿಕ ಶಿಲ್ಕಿಗೆ ನಗದು ಮಾರಾಟವನ್ನು ಕೂಡಿಸಿ, ಹಿಂದಿರುಗಿಸಿದ ಮತ್ತು ಬ್ಯಾಂಕಿಗೆ ಕಟ್ಟಿದ ಹಣವನ್ನು ಕಳೆದರೆ ಇರಬೇಕಾದ ಅಂತಿಮ ಶಿಲ್ಕು ದೊರೆಯುತ್ತದೆ. ಶಿಲ್ಕು 1,500, ಮಾರಾಟ 8,240, ಹಿಂದಿರುಗಿಸಿದ್ದು 120, ಬ್ಯಾಂಕಿಗೆ 6,000 ಎಂದಾದರೆ ಪೆಟ್ಟಿಗೆಯಲ್ಲಿ 3,620 ರೂ. ಇರಬೇಕು. ಎಣಿಸಿದಾಗ 3,570 ಇದ್ದರೆ ಕೊರತೆ 50 ರೂ.

ವ್ಯತ್ಯಾಸದ ಮೊತ್ತವೇ ಕೆಲವೊಮ್ಮೆ ಕಾರಣವನ್ನು ಸೂಚಿಸುತ್ತದೆ. 50 ರೂ. ಕೊರತೆಗೆ 50ರ ಬದಲು 100ರ ನೋಟು ಕೊಟ್ಟದ್ದು ಕಾರಣವಿರಬಹುದು. ವ್ಯತ್ಯಾಸವು 9ರಿಂದ ಭಾಗವಾಗುವಂತಿದ್ದರೆ 63ನ್ನು 36 ಎಂದು ಬರೆದಂತಹ ಅಂಕಿಗಳ ಅದಲುಬದಲನ್ನು ಹುಡುಕಬೇಕು. ಯುಪಿಐ ಮೂಲಕ ಬಂದ ಹಣವನ್ನು ನಗದೆಂದು ನಮೂದಿಸಿದರೆ ಆ ಬಿಲ್ಲಿನಷ್ಟೇ ಕೊರತೆ ಕಾಣುತ್ತದೆ. ಹಣ ಹೆಚ್ಚಾಗಿ ಬಿದ್ದರೂ ಅದನ್ನು ದಾಖಲಿಸಬೇಕು. ಅದು ಯಾರೋ ಗ್ರಾಹಕರಿಗೆ ಕೊಡದೆ ಉಳಿದ ಚಿಲ್ಲರೆ ಆಗಿರಬಹುದು. ನೋಟುಗಳನ್ನು ನೂರರ ಕಟ್ಟುಗಳಾಗಿ ಕಾಗದದ ಪಟ್ಟಿಯಿಂದ ಕಟ್ಟಬೇಕು; ಪಿನ್ನು ಹೊಡೆಯಬಾರದು.

ಕೊರತೆಯ ಹೊಣೆ

ಕೊರತೆಯನ್ನು ಕೆಲಸಗಾರರ ಸಂಬಳದಿಂದ ಮುರಿದುಕೊಳ್ಳುವ ರೂಢಿ ಅನೇಕ ಕಡೆಗಳಲ್ಲಿದೆ. 1936ರ ವೇತನ ಪಾವತಿ ಕಾಯ್ದೆ ಇದಕ್ಕೆ ಮಿತಿ ಹಾಕಿತ್ತು; ಅದರ ವಿಷಯವನ್ನು ಒಳಗೊಂಡ 2019ರ ವೇತನ ಸಂಹಿತೆಯೂ ಮಿತಿ ಹಾಕಿದೆ. ನಷ್ಟವು ನೇರವಾಗಿ ಆ ಕೆಲಸಗಾರರ ಅಲಕ್ಷ್ಯದಿಂದಲೇ ಆಗಿರಬೇಕು, ಕಡಿತವು ನಷ್ಟದ ಮೊತ್ತವನ್ನು ಮೀರಬಾರದು, ಕಡಿತಕ್ಕೆ ಮೊದಲು ಕಾರಣ ಹೇಳಲು ಅವಕಾಶ ಕೊಡಬೇಕು. ಒಂದೇ ಪೆಟ್ಟಿಗೆಯನ್ನು ಹಲವರು ಬಳಸಿದರೆ ಯಾರ ಅಲಕ್ಷ್ಯವೆಂದು ನಿರ್ಧರಿಸುವುದೇ ಕಷ್ಟ. ಸಹಿ ಮಾಡಿದ ಆರಂಭಿಕ ಶಿಲ್ಕಿನ ಚೀಟಿ ಇಂತಹ ಸಂದರ್ಭದಲ್ಲಿ ಕೆಲಸಗಾರರ ರಕ್ಷಣೆಗೆ ಬರುತ್ತದೆ.

ಕಲಿಕೆ

ಕರ್ನಾಟಕದ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ಹಾಗೂ ಮೆಟ್ರಿಕ್ ಮೇಳಗಳಲ್ಲಿ ವಿದ್ಯಾರ್ಥಿಗಳು ತರಕಾರಿ, ತಿಂಡಿ ಮಾರಿ ಈ ಕೌಶಲದ ಮೊದಲ ಪಾಠ ಕಲಿಯುತ್ತಾರೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶೈಕ್ಷಣಿಕ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಜನರಿಗೆ ಉಚಿತವಾಗಿ ಸ್ವಉದ್ಯೋಗ ತರಬೇತಿ ನೀಡುತ್ತದೆ. ಇದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಬಳಿಕ ದೇಶದ ಇತರ ಜಿಲ್ಲೆಗಳಲ್ಲಿ ತೆರೆದವು. ಸ್ವಂತವಾಗಿ ಕಲಿಯುವವರು ಮನೆಯಲ್ಲಿಯೇ ನೋಟು–ನಾಣ್ಯಗಳನ್ನಿಟ್ಟು, ಇಬ್ಬರು ಗ್ರಾಹಕ–ವ್ಯಾಪಾರಿಗಳಾಗಿ, ಮೇಲೆ ಹೇಳಿದ ಐದು ಹಂತಗಳನ್ನು ತಪ್ಪದೆ ಅಭ್ಯಾಸ ಮಾಡಬಹುದು. ಆರಂಭದಲ್ಲಿ ವೇಗಕ್ಕೆ ಗಮನ ಕೊಡುವ ಅಗತ್ಯವಿಲ್ಲ. ಕ್ರಮ ರೂಢಿಯಾದಂತೆ ಅದು ತಾನಾಗಿ ಬರುತ್ತದೆ.