ಟ್ರಾಮ್ ಎಂದರೆ ರಷ್ಯಾ ಮಾತ್ರವಲ್ಲ

ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆ ಹರಿದು ಶಾಲೆ ಪುಸ್ತಕಕ್ಕೆ ಬೈಂಡು ಹಾಕಿದ ಪೀಳಿಗೆ ನಮ್ಮದು. ಹಿಮ ಬಿದ್ದ ಬೀದಿ, ಕರಿ ಕೋಟಿನ ಜನ, ನಡುವೆ ಒಂದು ಟ್ರಾಮ್. ಆ ಚಿತ್ರದ ಜೊತೆ ಕೆಲವು ತಪ್ಪು ತಿಳಿವಳಿಕೆಗಳೂ ನಮ್ಮ ತಲೆಯಲ್ಲಿ ಕೂತವು.

ತಪ್ಪು ಕಲ್ಪನೆ: ಟ್ರಾಮ್ ಕಮ್ಯುನಿಸ್ಟ್ ಸರ್ಕಾರ ಬಡವರಿಗಾಗಿ ತಂದ ವಾಹನ.

ವಾಸ್ತವ: ಕ್ರಾಂತಿ ನಡೆದದ್ದು 1917ರಲ್ಲಿ. ಕೀವ್‌ನಲ್ಲಿ ವಿದ್ಯುತ್ ಟ್ರಾಮ್ 1892ರಲ್ಲೇ ಓಡಿತ್ತು, ಪೀಟರ್ಸ್‌ಬರ್ಗ್‌ನಲ್ಲಿ 1907ರಲ್ಲಿ. ಎರಡೂ ತ್ಸಾರ್ ಕಾಲದವು. ಸೋವಿಯತ್ ಆಡಳಿತ ಟ್ರಾಮನ್ನು ಬೆಳೆಸಿತು, ಹುಟ್ಟಿಸಲಿಲ್ಲ. ಫೋಟೊಗಳಲ್ಲಿ ಕಾಣುವ ದುಂಡು ಮೂತಿಯ ಎಷ್ಟೋ ಟ್ರಾಮ್‌ಗಳು ಚೆಕೊಸ್ಲೊವಾಕಿಯದಲ್ಲಿ ತಯಾರಾದ ತಾತ್ರಾಗಳು.

ತಪ್ಪು ಕಲ್ಪನೆ: ಅದೆಲ್ಲ ಪರದೇಶದ್ದು, ಹೆಚ್ಚೆಂದರೆ ಕೋಲ್ಕತ್ತದ್ದು, ಚಿಕ್ಕೋಡಿ, ಅಥಣಿ ಕಡೆಯವರಿಗೆ ಏನು ಸಂಬಂಧ?

ವಾಸ್ತವ: ಸಂಬಂಧ ಬಹಳ ಇದೆ. ಏಕೀಕರಣಕ್ಕೆ ಮುಂಚೆ, ಅಂದರೆ 1956ರ ನವೆಂಬರ್ 1ರವರೆಗೆ, ನಮ್ಮ ರಾಜಧಾನಿ ಮುಂಬೈ. ಕೊಲ್ಲಾಪುರ ಸಂಸ್ಥಾನದಲ್ಲಿದ್ದ ರಾಯಬಾಗವೂ ಸ್ವಾತಂತ್ರ್ಯದ ನಂತರ ಮುಂಬೈ ರಾಜ್ಯವನ್ನೇ ಸೇರಿತು. ಆ ಮುಂಬೈಯಲ್ಲಿ 1874ರಲ್ಲಿ ಕುದುರೆ ಟ್ರಾಮ್ ಬಂತು. ವಿದ್ಯುತ್ ಟ್ರಾಮ್ ಬಂದದ್ದು 1907ರ ಮೇ 7ರಂದು, ಪೀಟರ್ಸ್‌ಬರ್ಗ್‌ಗಿಂತ ಕೆಲವು ತಿಂಗಳು ಮೊದಲೇ! 1920ರಲ್ಲಿ ಡಬಲ್ ಡೆಕ್ಕರ್ ಕೂಡ ಬಂತು. ಕೊನೆಯ ಸ್ಟಾಪಿನಲ್ಲಿ ಗಾಡಿ ತಿರುಗಿಸುವ ಗೊಡವೆಯೇ ಇರಲಿಲ್ಲ. ಮೇಲಿನ ತಂತಿಗೆ ತಾಗಿದ ಕೋಲನ್ನು ಹಗ್ಗ ಹಿಡಿದೆಳೆದು ಆಚೆ ಬದಿಗೆ ತಿರುಗಿಸಿದರೆ ಬಾಲವೇ ಮುಖವಾಗುತ್ತಿತ್ತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರ್‌ಗೆ ಹೊರಟದ್ದೇ ಕೊನೆಯ ಟ್ರಾಮ್. ಮುಂಬೈ ಬಸ್ಸಿನಿಂದ ದಾದರ್ ಟಿ.ಟಿ.ಯಲ್ಲಿ ಇಳಿಯುವ ನಿಪ್ಪಾಣಿಯವರು ಗಮನಿಸಿ: ಅಲ್ಲಿನ ಟಿ.ಟಿ. ಟಿಕೆಟ್ ಕೇಳುವವನಲ್ಲ, ಟ್ರಾಮ್ ಟರ್ಮಿನಸ್.

ತಪ್ಪು ಕಲ್ಪನೆ: ಟ್ರಾಮ್ ಹಳಿ ತುಳಿದರೆ ಕರೆಂಟ್ ಹೊಡೆಯುತ್ತದೆ.

ವಾಸ್ತವ: ಈ ಭಯ ಪೂರ್ತಿ ಸುಳ್ಳಲ್ಲ, ಅದೇ ತೊಡಕು. ಸುಮಾರು 600 ವೋಲ್ಟ್ ಇರುವುದು ತಲೆಯ ಮೇಲಿನ ತಂತಿಯಲ್ಲಿ. ಆ ಕರೆಂಟು ಮೋಟಾರು ತಿರುಗಿಸಿ ಹಳಿಯ ಮೂಲಕ ವಾಪಸು ಹೋಗುತ್ತದೆ. ಆದರೆ ಹಳಿಗೂ ನೆಲಕ್ಕೂ ನಡುವೆ ವೋಲ್ಟೇಜ್ ವ್ಯತ್ಯಾಸ ತೀರಾ ಕಡಿಮೆ, ಹೀಗಾಗಿ ಕಾಲಿಟ್ಟವರಿಗೆ ಏನೂ ಆಗದು. ಹಳಿಗಳ ಜೋಡಣೆ ಕೆಟ್ಟ ಕಡೆ ಮಾತ್ರ, ಕಬ್ಬಿಣದ ಲಾಳ ಕಟ್ಟಿದ ಕುದುರೆಗಳು ಬೆಚ್ಚಿದ್ದುಂಟು.

ತಪ್ಪು ಕಲ್ಪನೆ: ಗಡಿಭಾಗ ಅಂತ ಅಸಡ್ಡೆ ಮಾಡಿ ನಮಗೆ ಟ್ರಾಮ್ ಕೊಡಲಿಲ್ಲ.

ವಾಸ್ತವ: ಬೆಂಗಳೂರಿಗೇ ಬರಲಿಲ್ಲ! ಟ್ರಾಮ್‌ಗೆ ಬೇಕಾದದ್ದು ಕಿಕ್ಕಿರಿದ ದೊಡ್ಡ ಪೇಟೆ, ದಿನವಿಡೀ ಹತ್ತಿ ಇಳಿಯುವ ಜನ. ನಮ್ಮಲ್ಲಿ ರೈಲಿನದೇ ಕೊರತೆ. ಮೀರಜ್‌ನಿಂದ ಬೆಳಗಾವಿಗೆ ಹೋಗುವ ಗಾಡಿ ಕಾಗವಾಡ ಸೀಮೆಯ ಶೇಡಬಾಳ, ಉಗಾರ ಖುರ್ದ ಹಾದು ಕುಡಚಿ, ರಾಯಬಾಗ ಮುಟ್ಟುತ್ತದೆ. ಅಥಣಿಗೆ ರೈಲಿಲ್ಲ, ನಿಪ್ಪಾಣಿಗೂ ಇಲ್ಲ. ಚಿಕ್ಕೋಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದವರು ಚಿಕ್ಕೋಡಿಗೆ ಇನ್ನೊಂದು ಗಾಡಿ ಹಿಡಿಯಬೇಕು. ದೂರುವುದಿದ್ದರೆ ಅದನ್ನು ದೂರೋಣ.