ಒತ್ತಡ ಒಂದೇ, ಅಳತೆ ಹಲವು

ಕಾರಿನ ಬಾಗಿಲಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಟೈರಿನ ಗಾಳಿ 230 ಎಂದಿರುತ್ತದೆ. ಪೆಟ್ರೋಲ್ ಬಂಕಿನ ಹುಡುಗ ಮಾತ್ರ ‘ಎಷ್ಟು ಸಾರ್, ಮೂವತ್ತಾ, ಮೂವತ್ತೈದಾ?’ ಎಂದು ಕೇಳುತ್ತಾನೆ. ಚೀಟಿಯದು ಕಿಲೋಪಾಸ್ಕಲ್ ಲೆಕ್ಕ, ಹುಡುಗನದು ಪಿಎಸ್‌ಐ ಲೆಕ್ಕ. ಇದು ಪೊಲೀಸ್ ಠಾಣೆಯ ಪಿಎಸ್‌ಐ ಅಲ್ಲ. ಒಂದು ಚದರ ಅಂಗುಲದ ಮೇಲೆ ಬೀಳುವ ಭಾರವನ್ನು ಪೌಂಡ್‌ಗಳಲ್ಲಿ ಹೇಳುವ ಕ್ರಮ.

ಒಂದು ಪಿಎಸ್‌ಐ ಎಂದರೆ 6.895 ಕಿಲೋಪಾಸ್ಕಲ್. 230ನ್ನು ಇದರಿಂದ ಭಾಗಿಸಿದರೆ 33.4 ಬರುತ್ತದೆ. ಬಂಕಿನಲ್ಲಿ ನಿಂತು ಬಾಯಿಲೆಕ್ಕ ಮಾಡುವವರು ಏಳರಿಂದ ಭಾಗಿಸಿದರೂ ಸಾಕು. ಅದನ್ನೂ ಮಾಡದೆ ಅಂದಾಜಿನಲ್ಲಿ 25 ಹಾಕಿಸಿಕೊಂಡು ಹೆದ್ದಾರಿಗೆ ಇಳಿದರೆ, ಗಾಳಿ ಸಾಲದ ಟೈರು ಬಾಗಿ ಬಾಗಿ ಕಾದು ಸಿಡಿಯುವ ಅಪಾಯವಿದೆ. ಕೆಲವು ಪಂಪ್‌ಗಳು ಬಾರ್ ಲೆಕ್ಕದಲ್ಲಿ ತೋರಿಸುತ್ತವೆ. ಒಂದು ಬಾರ್‌ಗೆ 100 ಕಿಲೋಪಾಸ್ಕಲ್. ನಮ್ಮ ಟೈರಿಗೆ 2.3 ಬಾರ್. ಗ್ಯಾರೇಜಿನವರು ‘ಕೆಜಿ’ ಎನ್ನುವುದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರ, ಅಂದರೆ 98 ಕಿಲೋಪಾಸ್ಕಲ್. ಟೈರಿನ ಮಟ್ಟಿಗೆ ಬಾರ್ ಮತ್ತು ಕೆಜಿ ಒಂದೇ ಎಂದುಕೊಂಡರೆ ನಷ್ಟವಿಲ್ಲ.

ಹವಾಮಾನದ ವಿಷಯಕ್ಕೆ ಬಂದರೆ ಘಟಕ ಹೆಕ್ಟೋಪಾಸ್ಕಲ್. ಹಿಂದೆ ಇದನ್ನೇ ಮಿಲಿಬಾರ್ ಎನ್ನುತ್ತಿದ್ದರು. ಹೆಸರು ಬದಲಾಯಿತೇ ಹೊರತು ಅಂಕಿ ಬದಲಾಗಲಿಲ್ಲ. ಸಮುದ್ರಮಟ್ಟದಲ್ಲಿ ವಾಯುಭಾರದ ಪ್ರಮಾಣಿತ ಮೌಲ್ಯ 1013.25 ಹೆಕ್ಟೋಪಾಸ್ಕಲ್, ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್. 1999ರ ಅಕ್ಟೋಬರ್‌ನಲ್ಲಿ ಒಡಿಶಾ ಕರಾವಳಿಯನ್ನು ಧ್ವಂಸ ಮಾಡಿದ ಮಹಾ ಚಂಡಮಾರುತದ ಕೇಂದ್ರದಲ್ಲಿ ವಾಯುಭಾರ 912ಕ್ಕೆ ಕುಸಿದಿತ್ತೆಂದು ಅಂದಾಜಿಸಲಾಗಿದೆ. ಆದರೆ ಬೆಂಗಳೂರಿನಲ್ಲಿ ಮೊಬೈಲ್‌ನ ವಾಯುಭಾರ ಮಾಪಕವನ್ನು ತೆರೆದು ನೋಡಿ: ನಿರ್ಮಲ ಆಕಾಶದ ದಿನವೂ 910ರ ಆಸುಪಾಸಿನಲ್ಲೇ ಇರುತ್ತದೆ! ಗಾಬರಿ ಬೇಡ. ನಗರ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತಲೆಯ ಮೇಲಿನ ಗಾಳಿಯ ಹೊರೆಯೇ ಅಷ್ಟು ಕಡಿಮೆ. ಹವಾಮಾನ ವರದಿಗಾರರು ಇದಕ್ಕೆ ಸರಿಸುಮಾರು 100 ಸೇರಿಸಿ, ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿಯನ್ನು ಪ್ರಕಟಿಸುತ್ತಾರೆ. ಹಾಗೆ ಮಾಡದಿದ್ದರೆ ಮಂಗಳೂರು ಮತ್ತು ಬೆಂಗಳೂರಿನ ಅಂಕಿಗಳನ್ನು ಹೋಲಿಸುವುದೇ ಅಸಾಧ್ಯ.

ಘಟಕ ಬದಲಿಸುವಾಗ ಹೆಚ್ಚಿನವರು ಎಡವುವುದು ಗುಣಾಕಾರದಲ್ಲಲ್ಲ, ಸೊನ್ನೆ ಎಲ್ಲಿಂದ ಎಂಬುದರಲ್ಲಿ. ಹವಾಮಾನದ ಮಾಪಕಕ್ಕೆ ಸೊನ್ನೆಯೆಂದರೆ ಸಂಪೂರ್ಣ ನಿರ್ವಾತ. ಟೈರಿನ ಮಾಪಕಕ್ಕೂ ವೈದ್ಯರ ರಕ್ತದೊತ್ತಡ ಯಂತ್ರಕ್ಕೂ ಸುತ್ತಲಿನ ಗಾಳಿಯೇ ಸೊನ್ನೆ. ರಕ್ತದೊತ್ತಡ 120 ಎಂದರೆ ಸುತ್ತಲಿನ ಗಾಳಿಗಿಂತ 120 ಮಿಲಿಮೀಟರ್ ಪಾದರಸದಷ್ಟು, ಅಂದರೆ 16 ಕಿಲೋಪಾಸ್ಕಲ್, ಹೆಚ್ಚು ಎಂದರ್ಥ. (ಟೈರಿನ ಬಿಪಿ ಇದರ ಹದಿನಾಲ್ಕು ಪಟ್ಟು!) ಆದ್ದರಿಂದ ಚೀಟಿಯ 230ರಲ್ಲಿ ವಾತಾವರಣದ ನೂರನ್ನು ಕಳೆಯಬಾರದು. ಕಳೆದರೆ ಉಳಿಯುವುದು 19 ಪಿಎಸ್‌ಐ ಮಾತ್ರ. ಪಂಕ್ಚರ್ ಆದ ಟೈರಿಗೆ ಮಾಪಕ ಹಿಡಿದರೆ ಮುಳ್ಳು ಸೊನ್ನೆ ತೋರಿಸುತ್ತದೆ. ಒಳಗೆ ಆಗಲೂ ಊರಿನ ಗಾಳಿ ಇದ್ದೇ ಇರುತ್ತದೆ, ಬೆಂಗಳೂರಿನಲ್ಲಾದರೆ 910 ಹೆಕ್ಟೋಪಾಸ್ಕಲ್‌ನಷ್ಟು.