ನೆರೆಯವರು ಎಂದರೆ ಯಾರು?

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹೊಳೆ ಉಕ್ಕಿ ಬರುವುದೂ ನೆರೆಯೇ, ಮಗ್ಗುಲ ಮನೆಯೂ ನೆರೆಯೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಮಕ್ಕಳಿಗೆ ಮೊದಲನೆಯ ನೆರೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಸಾಕು, ಇಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೈದುಂಬುತ್ತವೆ. ಕಲ್ಲೋಳ–ಯಡೂರ ಸೇತುವೆ ಮುಳುಗಿತು ಎಂಬ ಸುದ್ದಿ ಬರುತ್ತದೆ.

ಎರಡನೆಯ ನೆರೆ ಯಾರು ಎಂಬುದೇ ಕಷ್ಟದ ಪ್ರಶ್ನೆ. ಗೋಡೆಗೆ ಗೋಡೆ ಹತ್ತಿಕೊಂಡವರು ಮಾತ್ರವೇ? ನಮ್ಮ ಓಣಿಯವರೇ? ನಮ್ಮ ಜಾತಿಯವರೇ? ಎರಡು ಸಾವಿರ ವರ್ಷಗಳ ಹಿಂದೆ ಧರ್ಮಶಾಸ್ತ್ರ ಬಲ್ಲ ಒಬ್ಬ ಪಂಡಿತ ಇದೇ ಪ್ರಶ್ನೆಯನ್ನು ಏಸುವಿಗೆ ಕೇಳಿದ. ಏಸು ಉಪದೇಶ ಮಾಡಲಿಲ್ಲ, ಒಂದು ಕಥೆ ಹೇಳಿದ. ಈಗ ಡಿಸೆಂಬರ್ ತಿಂಗಳು. ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ದೀಪಗಳು ತೂಗುತ್ತಿವೆ. ಆ ಕಥೆಯನ್ನು ನೆನೆಯಲು ಇದು ಒಳ್ಳೆಯ ಸಮಯ. ನಾನು ಚರ್ಚಿಗೆ ಹೋಗುವ ಮನೆತನದವನಲ್ಲ. ಆದರೂ ಈ ಕಥೆ ನನ್ನ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಕುಳಿತುಬಿಟ್ಟಿದೆ.

ದಾರಿಯಲ್ಲಿ ಬಿದ್ದವನ ಕಥೆ

ಜೆರುಸಲೇಮಿನಿಂದ ಜೆರಿಕೋ ಎಂಬ ಊರಿಗೆ ಇಳಿಜಾರಿನ ದಾರಿ. ಕಲ್ಲು ಬಂಡೆಗಳ ನಿರ್ಜನ ಪ್ರದೇಶ. ಅಲ್ಲಿ ಒಬ್ಬ ಪ್ರಯಾಣಿಕನನ್ನು ಕಳ್ಳರು ಹೊಡೆದು, ಬಟ್ಟೆಬರೆ ಕಿತ್ತುಕೊಂಡು, ಅರೆಜೀವ ಮಾಡಿ ಎಸೆದು ಹೋದರು. ಆ ದಾರಿಯಲ್ಲಿ ಒಬ್ಬ ಪೂಜಾರಿ ಬಂದ. ನೋಡಿದ, ಆಚೆ ಬದಿಯಿಂದ ಸರಿದುಹೋದ. ಗುಡಿಯ ಸೇವೆಯವನೇ ಆದ ಇನ್ನೊಬ್ಬ ಬಂದ. ಅವನೂ ಹಾಗೆಯೇ ಹೋದ. ಮೂರನೆಯವನು ಸಮಾರ್ಯ ಸೀಮೆಯವನು. ಬಿದ್ದವನ ಜನಕ್ಕೂ ಸಮಾರ್ಯದವರಿಗೂ ತಲೆತಲಾಂತರದ ವೈರ. ಆದರೆ ನಿಂತವನು ಅವನೇ.

ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಬಟ್ಟೆ ಕಟ್ಟಿದ. ತಾನು ಕೂತು ಬಂದಿದ್ದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ. ಛತ್ರಕ್ಕೆ ಕರೆದೊಯ್ದು ರಾತ್ರಿಯೆಲ್ಲ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇದಕ್ಕಿಂತ ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆಂದು ಹೇಳಿ ಹೊರಟ.

ಕಥೆ ಮುಗಿಸಿ ಏಸು ಪಂಡಿತನನ್ನೇ ಕೇಳಿದ: ಈ ಮೂವರಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು? ಪ್ರಶ್ನೆ ಹೇಗೆ ತಿರುಗಿಬಿಟ್ಟಿತು ನೋಡಿ. ಪಂಡಿತ ಕೇಳಿದ್ದು, ನನಗೆ ನೆರೆಯವರು ಯಾರು ಎಂದು. ಏಸು ಕೇಳಿದ್ದು, ನೀನು ಯಾರಿಗೆ ನೆರೆಯವನಾಗುತ್ತೀ ಎಂದು.

ಒಬ್ಬ ಕ್ಲಾರ್ಕನ ಲೆಕ್ಕ

ನಾನು ಓದಿದ್ದು ಬಿ.ಕಾಂ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಯಾವ ಕಥೆ ಕೇಳಿದರೂ ಅದರಲ್ಲಿ ದುಡ್ಡಿನ ಲೆಕ್ಕ ಎಲ್ಲಿದೆ ಎಂದು ನೋಡುವುದು ನನಗೆ ಅಂಟಿದ ಅಭ್ಯಾಸ. ಈ ಕಥೆಯಲ್ಲಿ ಲೆಕ್ಕ ಬಹಳ ಚೊಕ್ಕವಾಗಿದೆ.

ಆ ಒಂದು ಬೆಳ್ಳಿ ನಾಣ್ಯ ಆ ಕಾಲದಲ್ಲಿ ಒಬ್ಬ ಕೂಲಿಯ ಒಂದು ದಿನದ ಪಗಾರ. ಅಂದರೆ ಸಮಾರ್ಯದವನು ಕೊಟ್ಟದ್ದು ಎರಡು ದಿನದ ಕೂಲಿ. ಇಡೀ ಆಸ್ತಿಯನ್ನು ಬರೆದುಕೊಡಲಿಲ್ಲ. ತನ್ನ ಪ್ರಯಾಣವನ್ನೂ ಬಿಡಲಿಲ್ಲ. ಮರುದಿನ ಅವನು ತನ್ನ ಕೆಲಸಕ್ಕೆ ಹೊರಟ. ಆದರೆ ಹೊರಡುವ ಮುಂಚೆ ಮೂರು ವ್ಯವಸ್ಥೆ ಮಾಡಿದ. ಈಗಿನ ಖರ್ಚಿಗೆ ರೊಕ್ಕ ಕೊಟ್ಟ, ನೋಡಿಕೊಳ್ಳಲು ಒಬ್ಬ ಜವಾಬ್ದಾರ ಮನುಷ್ಯನನ್ನು ಗೊತ್ತು ಮಾಡಿದ, ಮುಂದಿನ ಖರ್ಚಿಗೆ ತಾನೇ ಜಾಮೀನಾದ. ಗುರುತು ಪರಿಚಯವಿಲ್ಲದವನಿಗೆ, ಇಷ್ಟೇ ಎಂಬ ಮಿತಿಯಿಲ್ಲದ ಜಾಮೀನು! ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಅಂಥ ಜಾಮೀನು ಪತ್ರಕ್ಕೆ ಸಹಿ ಹಾಕಿದವರನ್ನು ನಾನು ಕಂಡಿಲ್ಲ.

ಮರುಕ ಅವನಿಗೆ ಒಂದು ಕ್ಷಣದಲ್ಲಿ ಬಂದಿರಬೇಕು. ಮರುಕ ನಮಗೆಲ್ಲರಿಗೂ ಬರುತ್ತದೆ. ಆದರೆ ಅದನ್ನು ಅವನು ಕೆಲಸವಾಗಿ ಮಾಡಿದ, ಕೆಲಸ ಪೂರ್ತಿ ಆಗುವವರೆಗೆ ನೋಡಿಕೊಂಡ. ಏಸು ಹೇಳಿದ ಪ್ರೀತಿಯಲ್ಲಿ ಕರ್ತವ್ಯ ಹೀಗೆ ಕೂಡಿಕೊಂಡಿದೆ.

ಮಿರಜಿನ ದವಾಖಾನೆ

ಈ ಕಥೆ ನಮ್ಮ ಸೀಮೆಯ ಬಾಗಿಲಲ್ಲೇ ಒಮ್ಮೆ ಕಲ್ಲು ಗಾರೆಯ ಕಟ್ಟಡವಾಗಿ ಎದ್ದು ನಿಂತಿತು. ಕಾಗವಾಡದಿಂದ ಗಡಿ ದಾಟಿ ಇಪ್ಪತ್ತು ಕಿಲೋಮೀಟರ್ ಒಳಗೆ ಮಿರಜ ಇದೆ. ನನ್ನ ವಯಸ್ಸಿನವರಿಗೆಲ್ಲ ಗೊತ್ತಿರುವ ಮಾತೊಂದಿದೆ: ‘ಮಿರಜಿಗೆ ಒಯ್ರಿ.’ ಊರ ವೈದ್ಯರು ಕೈಚೆಲ್ಲಿದಾಗ ಹಿರಿಯರು ಹೇಳುತ್ತಿದ್ದ ಮಾತು ಅದು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ಸ್ಟೇಶನ್ನುಗಳಲ್ಲಿ ರೋಗಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ರೈಲು ಹತ್ತಿಸುತ್ತಿದ್ದರು. ಹೋಗುತ್ತಿದ್ದುದು ಮಿಶನ್ ದವಾಖಾನೆಗೆ.

ಅದನ್ನು ಕಟ್ಟಿದವರು ಡಾ. ವಿಲಿಯಂ ವಾನ್ಲೆಸ್. ಕೆನಡಾ ದೇಶದಲ್ಲಿ 1865ರಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ 1889ರಲ್ಲಿ ಭಾರತಕ್ಕೆ ಬಂದರು. ಮಿರಜ ಸಂಸ್ಥಾನದ ಅರಸರು ಜಾಗ ಕೊಟ್ಟರು. 1894ರಲ್ಲಿ ಆಸ್ಪತ್ರೆ ಶುರುವಾಯಿತು. ಕಣ್ಣಿನ ಪೊರೆ ತೆಗೆಯುವುದರಲ್ಲಿ, ಹೊಟ್ಟೆಯ ಶಸ್ತ್ರಕ್ರಿಯೆಯಲ್ಲಿ ಅವರ ಕೈ ಹೆಸರಾಯಿತು. ಅರಸರೂ ಬಂದರು, ಬಡ ರೈತರೂ ಬಂದರು. ಇಲ್ಲಿಯ ಹುಡುಗರನ್ನೇ ವೈದ್ಯರನ್ನಾಗಿ ಮಾಡಬೇಕೆಂದು ವಾನ್ಲೆಸ್ ವೈದ್ಯಕೀಯ ಶಾಲೆಯನ್ನೂ ತೆರೆದರು. ಕ್ಷಯರೋಗಿಗಳಿಗೆ ಬೇರೆ ಆಸ್ಪತ್ರೆ ಕಟ್ಟಿಸಿದರು. ಆ ಜಾಗಕ್ಕೆ ವಾನ್ಲೆಸ್‌ವಾಡಿ ಎಂದೇ ಹೆಸರು ಬಿತ್ತು. 1928ರಲ್ಲಿ ಅವರು ನಿವೃತ್ತರಾಗಿ ಹೊರಟಾಗ ನಮ್ಮ ನೆಲಕ್ಕೆ ಬಂದು ಹತ್ತಿರ ಹತ್ತಿರ ನಲವತ್ತು ವರ್ಷವಾಗಿತ್ತು.

ನಲವತ್ತು ವರ್ಷ ಎಂದರೆ ಏನು? ಒಂದು ದಿನ ಹುರುಪಿನಿಂದ ಸೇವೆ ಮಾಡುವುದು ಸುಲಭ. ಬೇಸಿಗೆಯ ಧಗೆಯಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಪ್ರತಿದಿನ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಕೆಲಸಕ್ಕೆ ನಿಲ್ಲುವುದು ಬೇರೆ. ಅದಕ್ಕೆ ಮರುಕವೊಂದೇ ಸಾಲದು.

ಅದೇ 1894ರಲ್ಲಿ ಮಂಗಳೂರಿನಲ್ಲಿ ಇನ್ನೊಬ್ಬ ಮಿಶನರಿಯ ದುಡಿಮೆ ಮುಗಿಯಿತು. ಜರ್ಮನಿಯಿಂದ 1853ರಲ್ಲಿ ಬಂದಿದ್ದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಆ ವರ್ಷ ಅಚ್ಚಾಯಿತು. ಅದರಲ್ಲಿರುವುದು ಸುಮಾರು 70,000 ಪದಗಳು. ಒಂದೊಂದು ಪದವನ್ನೂ ಹುಡುಕಿ, ಅರ್ಥ ಕೇಳಿ ತಿಳಿದು, ಬರೆದಿಟ್ಟದ್ದು. ಅದೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಔಷಧ ಹಂಚತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಆಗ ಆ ರೋಗಿಗಳನ್ನು ಮನೆಯವರೂ ಮುಟ್ಟುತ್ತಿರಲಿಲ್ಲ. ಒಬ್ಬರು ಶಸ್ತ್ರ ಹಿಡಿದರು, ಒಬ್ಬರು ಲೇಖನಿ ಹಿಡಿದರು, ಒಬ್ಬರು ಔಷಧದ ಗುಳಿಗೆ ಹಿಡಿದರು. ಮೂವರೂ ದಿನದ ಕೆಲಸವನ್ನು ದಿನವೂ ಮಾಡಿದರು.

ನಮ್ಮ ಕಡೆಯ ಮಕ್ಕಳಿಗೆ ಇದು ಹೊಸ ಮಾತಲ್ಲ. ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಹನ್ನೆರಡನೆಯ ಶತಮಾನದ ಶರಣರು ಜೋಡಿಯಾಗಿಯೇ ಕೊಟ್ಟಿದ್ದಾರೆ. ದುಡಿಮೆಯಿಲ್ಲದ ದಾನವಿಲ್ಲ, ದಾನವಿಲ್ಲದ ದುಡಿಮೆಯಿಲ್ಲ. ವಾನ್ಲೆಸ್ ಮಿರಜಿನಲ್ಲಿ ರೋಗಿಗಳನ್ನು ನೋಡುತ್ತಿದ್ದ ಕಾಲದಲ್ಲೇ ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳು ಇದ್ದರು. ನಮ್ಮ ಹಿರಿಯರು ಕಾಯಿಲೆ ಬಿದ್ದಾಗ ಮಿರಜಿಗೆ ಹೋದರು, ಮನಸ್ಸಿಗೆ ಕಷ್ಟವಾದಾಗ ಅಥಣಿಗೆ ಹೋದರು. ಎರಡನ್ನೂ ದೇವರ ಕೆಲಸವೆಂದೇ ತಿಳಿದರು.

ಬೆಂಚಿನ ಮೇಲಿನ ಪೆನ್ನು

ದೊಡ್ಡವರ ಮಾತಾಯಿತು. ದಿನದಿನದ ಬದುಕಿನಲ್ಲಿ ಈ ಪ್ರೀತಿ ಹೇಗಿರುತ್ತದೆ ಎಂದು ನನಗೆ ತೋರಿಸಿಕೊಟ್ಟವರು ಒಬ್ಬ ನಿವೃತ್ತ ನರ್ಸ್. 1990ರ ದಶಕದಲ್ಲಿ ರಾಯಬಾಗ ಕಡೆಯ ಒಂದು ಶಾಖೆಯಲ್ಲಿ ನಾನಿದ್ದೆ. ತಿಂಗಳ ಮೊದಲ ವಾರ ಪೆನ್ಶನ್ನಿನವರ ಪಾಳಿ. ಈ ಕ್ರೈಸ್ತ ತಾಯಿಯೂ ಬರುತ್ತಿದ್ದರು. ಎಲ್ಲರೂ ಅವರನ್ನು ‘ಸಿಸ್ಟರ್ ಬಾಯಿ’ ಎನ್ನುತ್ತಿದ್ದರು. ತಮ್ಮ ರೊಕ್ಕ ತೆಗೆದುಕೊಂಡ ಮೇಲೆ ಮನೆಗೆ ಹೋಗುತ್ತಿರಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಪೆನ್ನು ಹಿಡಿದು ಕೂಡುತ್ತಿದ್ದರು. ಓದು ಬಾರದ ಹೆಣ್ಣುಮಕ್ಕಳ ಚೀಟಿ ತುಂಬಿಕೊಡುತ್ತಿದ್ದರು.

ಚೀಟಿ ತುಂಬುವವರು ಬೇರೆಯವರೂ ಇದ್ದರು. ಕೆಲವರು ಚಹಾಕ್ಕೆ ಎರಡು ರೂಪಾಯಿ ಕೇಳುತ್ತಿದ್ದರು. ಸಿಸ್ಟರ್ ಬಾಯಿ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದರು, ಕೊನೆಗೆ ಮೊತ್ತ. ತುಂಬಿದ ಚೀಟಿಯನ್ನು ಓದಿ ಹೇಳಿಯೇ ಕೊಡುತ್ತಿದ್ದರು. ಎಷ್ಟು ಬರೆದಿದೆ ಎಂಬುದು ರೊಕ್ಕದ ಒಡತಿಗೆ ಗೊತ್ತಿರಬೇಕಲ್ಲ!

ಒಂದು ತಿಂಗಳು ಅವರು ಹಳೆಯ ನೋಟುಬುಕ್ಕೊಂದನ್ನು ತಂದರು. ಪಾಳಿಯಲ್ಲಿ ಕಾಯುವ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ಅವರವರ ಹೆಸರಿನ ಅಕ್ಷರ ತಿದ್ದಿಸತೊಡಗಿದರು. ಆರೆಂಟು ತಿಂಗಳಾದ ಮೇಲೆ ಅರವತ್ತು ದಾಟಿದ ಒಬ್ಬ ಅಜ್ಜಿ ನನ್ನ ಕೌಂಟರಿಗೆ ಬಂದು, ಇಂಕಿನ ಪ್ಯಾಡನ್ನು ಆಚೆ ಸರಿಸಿ, “ಇವತ್ತ ಹೆಬ್ಬಟ್ಟ ಒತ್ತಂಗಿಲ್ರಿ, ಸಹಿ ಮಾಡ್ತೀನಿ” ಎಂದಳು. ಅಕ್ಷರ ಸೊಟ್ಟಗಿತ್ತು. ಬರೆಯಲು ಎರಡು ನಿಮಿಷ ಹಿಡಿಯಿತು. ಹಿಂದೆ ನಿಂತವರು ಯಾರೂ ಗೊಣಗಲಿಲ್ಲ. ಬ್ಯಾಂಕಿನ ದಾಖಲೆ ಬದಲಾಯಿಸಲು ನಾನು ಹೊಸ ನಮೂನೆ ತೆಗೆದೆ.

ಸಂಬಳವಿಲ್ಲದೆ ಇಷ್ಟೊಂದು ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: “ದವಾಖಾನ್ಯಾಗ ರಾತ್ರಿ ಎರಡಕ್ಕ ಕೊಡೂ ಔಷಧ ಎರಡಕ್ಕ ಕೊಡಬೇಕ್ರಿ. ನಾಲ್ಕಕ್ಕ ಎದ್ದು ಎಷ್ಟ ಪ್ರೀತಿಲೆ ಕೊಟ್ರೂ ಏನ ಉಪಯೋಗ? ಆ ರೂಢಿ ಹೋಗಿಲ್ಲ ನೋಡ್ರಿ.” ಆ ತಾಯಿ ಈಗಿಲ್ಲ. ಆ ಮಾತನ್ನು ಮಾತ್ರ ನಾನು ಮರೆತಿಲ್ಲ. ಕೌಂಟರಿನ ಈಚೆ ಕೂತವನಿಗೂ ಅದು ಅಷ್ಟೇ ಸಲ್ಲುತ್ತಿತ್ತು.

ನೆರೆ ಬಂದಾಗ ನೆರೆಯವರು

2019ರ ಆಗಸ್ಟ್ ಅನ್ನು ನಮ್ಮ ಐದೂ ತಾಲ್ಲೂಕು ಮರೆಯುವುದಿಲ್ಲ. ಹೊಳೆದಂಡೆಯ ಊರುಗಳ ಜನ ದನಕರುಗಳ ಸಮೇತ ಎತ್ತರದ ಊರುಗಳಿಗೆ ಬಂದರು. ಶಾಲೆಗಳೇ ಮನೆಗಳಾದವು. ನಾನು ನೆರವಿಗೆ ಹೋಗಿದ್ದ ಒಂದು ಶಾಲೆಯಲ್ಲಿ ನನಗೆ ಸಿಕ್ಕ ಕೆಲಸ ಲೆಕ್ಕ ಬರೆಯುವುದು: ಎಷ್ಟು ರೊಟ್ಟಿ ಬಂತು, ಯಾವ ಕೋಣೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಬೇಕು.

ಮಠದಿಂದ ಅಕ್ಕಿ ಬಂತು. ಜೈನ ಬಸದಿಯವರು ಬೇಳೆ ಕಳಿಸಿದರು. ಮಸೀದಿಯ ಹುಡುಗರು ನೀರಿನ ಡಬ್ಬಿ ಹೊತ್ತು ತಂದರು. ಚರ್ಚಿನ ಹೆಣ್ಣುಮಕ್ಕಳು ಕೂಸುಗಳ ಬಟ್ಟೆ, ಹಾಸಿಗೆ ತಂದರು. ಗುರುತಿಲ್ಲದ ಊರುಗಳಿಂದ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಂದವು. ಮೂರು ದಿನವಾದ ಮೇಲೆ ಬರುವವರು ಕಡಿಮೆಯಾದರು. ಅದು ಸಹಜ. ಎಲ್ಲರಿಗೂ ಹೊಲಮನೆ ಇರುತ್ತವೆ. ಆದರೆ ಕೆಲವರು ಹತ್ತನೆಯ ದಿನವೂ ಬಂದರು. ನೀರು ಇಳಿದ ಮೇಲೆ ಸಲಿಕೆ ಹಿಡಿದು ಬಂದು ಬೇರೆಯವರ ಮನೆಯ ಕೆಸರು ಎತ್ತಿದರು. ಅವರಲ್ಲಿ ಯಾವ ಧರ್ಮದವರು ಎಷ್ಟು ಎಂಬ ಲೆಕ್ಕ ನನ್ನ ವಹಿಯಲ್ಲಿ ಇಲ್ಲ. ಅಂಥ ಕಾಲಂ ನಾನು ಹಾಕಿರಲಿಲ್ಲ.

ಮಕ್ಕಳೇ, ನೀವೇನು ಮಾಡಬಹುದು?

ನೀವು ಆಸ್ಪತ್ರೆ ಕಟ್ಟಬೇಕಾಗಿಲ್ಲ. ಈಗ ಕಬ್ಬಿನ ಸುಗ್ಗಿ. ಕಬ್ಬು ಕಡಿಯುವ ಗ್ಯಾಂಗುಗಳು ದೂರದ ಊರುಗಳಿಂದ ಬಂದು ಹೊಲದ ಬದಿ ಗುಡಿಸಲು ಹಾಕಿವೆ. ಅಲ್ಲಿ ನಿಮ್ಮ ವಯಸ್ಸಿನ ಹುಡುಗ ಹುಡುಗಿಯರಿದ್ದಾರೆ. ಅವರು ಊರಿನಲ್ಲಿ ಶಾಲೆಯ ಪುಸ್ತಕ ಬಿಟ್ಟು ಬಂದಿರುತ್ತಾರೆ. ಆಟಕ್ಕೆ ಕರೆಯಿರಿ. ಕಳೆದ ವರ್ಷದ ನಿಮ್ಮ ಪಠ್ಯಪುಸ್ತಕ ಕೊಡಿ. ಅವರನ್ನು ಶಾಲೆಗೆ ಸೇರಿಸಿಕೊಳ್ಳಬಹುದೇ ಎಂದು ನಿಮ್ಮ ಶಿಕ್ಷಕರನ್ನು ಕೇಳಿ.

ಮನೆಯಲ್ಲಿ ಅಜ್ಜಿಗೆ ರಾತ್ರಿ ಎಂಟಕ್ಕೆ ಗುಳಿಗೆ ಇದ್ದರೆ, ಎಂಟಕ್ಕೆ ನೀರಿನ ಲೋಟ ಹಿಡಿದು ನೀವೇ ಹೋಗಿ. ಒಂದು ದಿನವಲ್ಲ, ಒಂದು ತಿಂಗಳು ಮಾಡಿ ನೋಡಿ. ಮೊದಲ ವಾರ ಖುಷಿ ಇರುತ್ತದೆ. ಎರಡನೆಯ ವಾರ ಬೇಸರ ಬರುತ್ತದೆ, ಟಿವಿ ಕರೆಯುತ್ತದೆ. ಆಗಲೂ ಎದ್ದು ಹೋದರೆ, ವಾನ್ಲೆಸ್ ಸಾಹೇಬರ ನಲವತ್ತು ವರ್ಷ ಎಂದರೆ ಏನೆಂದು ನಿಮಗೆ ಸ್ವಲ್ಪ ತಿಳಿಯುತ್ತದೆ.

ಅಜ್ಜ–ಅಜ್ಜಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಾದರೂ ಮಿರಜಿಗೆ ಹೋಗಿ ಗುಣವಾಗಿ ಬಂದಿದ್ದರೆ, ಆ ಪ್ರಯಾಣವನ್ನು ಮೊಮ್ಮಕ್ಕಳಿಗೆ ಹೇಳಿ. ರೈಲಿನಲ್ಲಿ ಜಾಗ ಬಿಟ್ಟುಕೊಟ್ಟವರು ಯಾರು, ದವಾಖಾನೆಯಲ್ಲಿ ಪಕ್ಕದ ಹಾಸಿಗೆಯವರು ಊಟ ಹಂಚಿಕೊಂಡದ್ದು ಹೇಗೆ, ರಾತ್ರಿಯೆಲ್ಲ ಎಚ್ಚರವಿದ್ದ ನರ್ಸಿನ ಹೆಸರೇನು, ನೆನಪಿದ್ದಷ್ಟು ಹೇಳಿ. ಮೊಮ್ಮಕ್ಕಳ ಕೈಯಲ್ಲೇ ಒಂದು ನೋಟುಬುಕ್ಕಿನಲ್ಲಿ ಬರೆಯಿಸಿ.